ಬ್ಯಾಟರಿ ಇದೆಯೆಂದು ಗಿಟಾರನ್ನು ಹೊರಗಿಡಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಶಿರಸಿಯಲ್ಲಿ ನಡೆದ ವಾದ್ಯ ಸ್ಪರ್ಧೆಯೊಂದರ ಫಲಿತಾಂಶ ಗೆದ್ದ ಮಕ್ಕಳ ಚಿತ್ರದೊಂದಿಗೆ ಪ್ರಕಟವಾಗಿತ್ತು. ಮಕ್ಕಳ ಮುಖದಲ್ಲಿದ್ದ ಸಂತೋಷ ನೋಡಿ ನನಗೂ ಸಂತೋಷವಾಯಿತು. ಅವರ ಬಹುಮಾನದ ಬಗ್ಗೆ ನನ್ನದು ಎಳ್ಳಷ್ಟೂ ತಕರಾರಿಲ್ಲ. ಆದರೆ ಅದೇ ವೇದಿಕೆಯ ಮೇಲೆ ಐದು ನಿಮಿಷ ಕುಳಿತು ನುಡಿಸಬೇಕಾಗಿದ್ದ ಒಬ್ಬ ಹುಡುಗನನ್ನು, ಅವನ ಗಿಟಾರಿನೊಳಗೆ ಒಂದು ಬ್ಯಾಟರಿ ಇದೆಯೆಂಬ ಕಾರಣಕ್ಕೆ, ವೇದಿಕೆ ಹತ್ತುವ ಮೊದಲೇ ಹಿಂದೆ ಕಳಿಸಿದರು. ಆ ಹುಡುಗ ನನ್ನ ವಿದ್ಯಾರ್ಥಿ. ಅವನ ಪರವಾಗಿ, ಅವನಂಥ ಇನ್ನಷ್ಟು ಮಕ್ಕಳ ಪರವಾಗಿ ಈ ಪತ್ರ. ಉದ್ದವಾಗಿದ್ದರೆ ದಯವಿಟ್ಟು ಸಹಿಸಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಈ ವಾದ್ಯದ ಬಗ್ಗೆ ಯಾರೂ ಕೂತು ಮಾತನಾಡಿದ್ದನ್ನು ನಾನು ಕೇಳಿಲ್ಲ.

ನಾನು ಕಾರವಾರದ ಕೋಡಿಬಾಗದಲ್ಲಿ ಇಪ್ಪತ್ತಮೂರು ವರ್ಷಗಳಿಂದ ಗಿಟಾರ್ ಕಲಿಸುತ್ತಿದ್ದೇನೆ. ತವರು ಶಿರಸಿ ಸೀಮೆ. ಮದುವೆಯಾಗಿ ಘಟ್ಟ ಇಳಿದು ಬಂದಾಗ ನನಗೆ ಗೊತ್ತಿದ್ದ ವಾದ್ಯವೆಂದರೆ ಅಪ್ಪನ ಹಾರ್ಮೋನಿಯಂ ಒಂದೇ. ಇಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಇಗರ್ಜಿಯ ಗಾಯನ ತಂಡಕ್ಕೆ ನುಡಿಸುತ್ತಿದ್ದ ಹಿರಿಯ ಮಾಸ್ತರರೊಬ್ಬರಿದ್ದರು. ಸಂಜೆ ಜಗುಲಿಯಲ್ಲಿ ಕುಳಿತು ಅವರು ನುಡಿಸುತ್ತಿದ್ದ ನೈಲಾನ್ ತಂತಿಯ ಗಿಟಾರಿನ ದನಿ ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತಿತ್ತು. ಉಕ್ಕಿನ ತಂತಿಯ ಝಣಝಣ ಅದರಲ್ಲಿ ಇರಲಿಲ್ಲ. ದುಂಡಗೆ, ಬೆಚ್ಚಗೆ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಬಂದು ಒಲೆಯ ಪಕ್ಕ ಕುಳಿತುಕೊಳ್ಳುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಹೋಗಿ ಕೇಳಿದೆ. "ಕಲಿಸುತ್ತೇನೆ ಬಾಯಿ, ಮೊದಲು ಬಲಗೈಯ ಉಗುರು ಬೆಳೆಸಿಕೊಳ್ಳಿ" ಎಂದರು. ಅಂದಿನಿಂದ ಇಂದಿನವರೆಗೆ ನನ್ನ ಬಲಗೈಯ ನಾಲ್ಕು ಉಗುರುಗಳನ್ನು ಕಣ್ಣಿನಂತೆ ಕಾಪಾಡಿಕೊಂಡಿದ್ದೇನೆ. ಕಾಯಿ ತುರಿಯುವಾಗಲೂ ಕೈ ಹೊರಳಿಸಿ ತುರಿಯುತ್ತೇನೆ.

ಈಗ ಹುಡುಗನ ವಿಷಯ. ಅವನ ತಂದೆ ಬೈತಖೋಲದಲ್ಲಿ ಬೋಟಿನ ಕೆಲಸಕ್ಕೆ ಹೋಗುವವರು. ಹುಡುಗ ಪದವಿಯ ಎರಡನೇ ವರ್ಷದಲ್ಲಿದ್ದಾನೆ, ಆರು ವರ್ಷಗಳಿಂದ ನನ್ನ ಬಳಿ ಬರುತ್ತಿದ್ದಾನೆ. ಆರತಕ್ಷತೆಗಳಲ್ಲಿ, ಹುಟ್ಟುಹಬ್ಬಗಳಲ್ಲಿ ನುಡಿಸಿ ಕೂಡಿಟ್ಟ ಹಣದಲ್ಲಿ ಮಡಗಾಂವಿಗೆ ಹೋಗಿ, ಯಾರೋ ಬಳಸಿ ಮಾರಲಿಟ್ಟಿದ್ದ ಹೈಬ್ರಿಡ್ ನೈಲಾನ್ ಗಿಟಾರ್ ಒಂದನ್ನು ಕೊಂಡು ತಂದ. ಹೈಬ್ರಿಡ್ ಎಂದರೆ ಕ್ಲಾಸಿಕಲ್ ಗಿಟಾರಿನ ತಂತಿಗಳೇ ಇದ್ದು, ಸ್ಪೀಕರಿಗೆ ಜೋಡಿಸುವ ಏರ್ಪಾಟೂ ಒಳಗೇ ಇರುವಂಥದ್ದು. ತಂದ ಸಂಜೆಯೇ ನಮ್ಮ ಮನೆಯ ಚಾಪೆಯ ಮೇಲೆ ಅದನ್ನೂ ನನ್ನ ಹಳೆಯ ಕ್ಲಾಸಿಕಲ್ ಗಿಟಾರನ್ನೂ ಪಕ್ಕಪಕ್ಕದಲ್ಲಿ ಮಲಗಿಸಿ, ಅಡಿಪಟ್ಟಿ ಹಿಡಿದು ಇಬ್ಬರೂ ಅಳೆದೆವು. ನನ್ನದರ ಒಡಲು ಹತ್ತು ಸೆಂಟಿಮೀಟರಿಗೆ ಹತ್ತಿರ ದಪ್ಪವಿದೆ. ಅವನದು ಏಳೂ ಇಲ್ಲ. ನನ್ನದರ ಕುತ್ತಿಗೆ ತಲೆಯ ಬುಡದಲ್ಲಿ 52 ಮಿಲಿಮೀಟರ್ ಅಗಲ, ಬೆರಳು ಹಲಗೆ ನೆಲದಂತೆ ಚಪ್ಪಟೆ. ಅವನದು 48 ಮಿಲಿಮೀಟರ್, ಹಲಗೆಗೆ ತುಸು ಉಬ್ಬು. ನನ್ನದರಲ್ಲಿ ಕುತ್ತಿಗೆ ಒಡಲನ್ನು ಸೇರುವುದು 12ನೇ ಮೆಟ್ಟಿನಲ್ಲಿ, ಅವನದರಲ್ಲಿ 14ನೆಯದರಲ್ಲಿ. ಮೇಲಿನ ಸ್ವರಗಳಿಗೆ ಕೈ ನಿಲುಕಲೆಂದು ಒಡಲಿನ ಭುಜವನ್ನು ಒಂದು ಕಡೆ ಬಾಗಿಸಿ ಕೊರೆದಿದ್ದಾರೆ. ಇಷ್ಟು ಬಿಟ್ಟರೆ ಎರಡಕ್ಕೂ ಅವೇ ಆರು ತಂತಿಗಳು: ಮೂರು ಬರಿಯ ನೈಲಾನಿನವು, ಇನ್ನು ಮೂರು ನೈಲಾನ್ ಎಳೆಗಳ ಮೇಲೆ ಬೆಳ್ಳಿ ಲೇಪದ ತಾಮ್ರ ಸುತ್ತಿದವು. ನುಡಿಸುವ ಬೆರಳುಗಳೂ ಅವೇ.

ಶಿರಸಿಗೆ ಬೆಳಗಿನ ಬಸ್ಸಿಗೆ ಹೊರಟೆವು. ಅಂಕೋಲೆ, ಕುಮಟೆ ದಾಟಿ ದೇವಿಮನೆ ಘಟ್ಟ ಹತ್ತುವಷ್ಟರಲ್ಲಿ ಮೈಯೆಲ್ಲ ಹಣ್ಣಾಗಿತ್ತು. ಹುಡುಗ ಮಾತ್ರ ಗಿಟಾರಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಲ್ಲಿ ಚೀಲದ ಮೇಲೆಯೇ ಅಭ್ಯಾಸ ಮಾಡುತ್ತಿದ್ದ. ಸಭಾಂಗಣದ ಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬರು ಹೆಸರು ಬರೆದುಕೊಳ್ಳುತ್ತಿದ್ದರು. ಗಿಟಾರಿನ ಅಂಚಿನಲ್ಲಿದ್ದ ಕೇಬಲಿನ ತೂತನ್ನು ಅವರು ಕಂಡರು.

"ಇದರಲ್ಲಿ ಬ್ಯಾಟರಿ ಇದೆಯೇನಪ್ಪ?"

"ಇದೆ ಸರ್. ಒಂಬತ್ತು ವೋಲ್ಟಿನದು."

ಅವರು ನಿಯಮಗಳ ಹಾಳೆ ತಿರುಗಿಸಿ ಬೆರಳಿಟ್ಟು ತೋರಿಸಿದರು: ವಿದ್ಯುತ್ ವಾದ್ಯಗಳಿಗೆ ಅವಕಾಶವಿಲ್ಲ. ನಾನು ಮುಂದೆ ಹೋಗಿ, "ಬ್ಯಾಟರಿ ತೆಗೆದೇ ನುಡಿಸುತ್ತಾನೆ ಸರ್, ಎದುರಿಗೆ ಒಂದು ಮೈಕ್ ಇಟ್ಟರೆ ಸಾಕು" ಎಂದೆ. ಹುಡುಗ ಆಗಲೇ ಹೆಬ್ಬೆರಳಿನಿಂದ ಮುಚ್ಚಳ ಸರಿಸಿ, ಬ್ಯಾಟರಿ ತೆಗೆದು, ಹೆಸರುಗಳ ಪಟ್ಟಿಯ ಮೇಲೆ ಇಟ್ಟುಬಿಟ್ಟಿದ್ದ. ಅವರು ಒಂದು ಕ್ಷಣ ಅದನ್ನು ನೋಡಿದರು. "ಮೇಡಂ, ಎಲೆಕ್ಟ್ರಿಕ್ ಗಿಟಾರ್ ಎಂದರೆ ಎಲೆಕ್ಟ್ರಿಕ್ ಗಿಟಾರೇ. ಇವನನ್ನು ಬಿಟ್ಟರೆ ನಾಳೆ ಕೀಬೋರ್ಡಿನವರೂ ಬಂದು ನಿಲ್ಲುತ್ತಾರೆ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಇಬ್ಬರಿಗೂ ಚಹಾ ತರಿಸಿ ಕೊಟ್ಟರು. ಅವರ ಮೇಲೆ ನನಗೆ ಕೋಪವಿಲ್ಲ, ಕೈಯಲ್ಲಿದ್ದ ಹಾಳೆ ಹೇಳಿದಂತೆ ಅವರು ನಡೆದುಕೊಂಡರು. ನನ್ನ ತಕರಾರು ಆ ಹಾಳೆಯ ಜೊತೆಗೆ.

ಏಕೆಂದರೆ ನಾವು ಚಹಾ ಕುಡಿಯುತ್ತಿದ್ದಾಗ ಒಳಗೆ ವೇದಿಕೆಯ ಮೇಲೆ ಒಬ್ಬ ಹುಡುಗಿ ವೀಣೆ ನುಡಿಸುತ್ತಿದ್ದಳು. ಬಹಳ ಚೆನ್ನಾಗಿ ನುಡಿಸಿದಳು. ಅವಳ ವೀಣೆಯ ಮೈಗೆ ಗುಂಡಿಯಷ್ಟು ಗಾತ್ರದ ಪಿಕಪ್, ಅಂದರೆ ವಾದ್ಯದ ಮಿಡಿತವನ್ನು ವಿದ್ಯುತ್ತಾಗಿಸಿ ಸ್ಪೀಕರಿಗೆ ಕಳಿಸುವ ಸಾಧನ, ಅಂಟಿಸಿದ್ದರು. ಪಕ್ಕದಲ್ಲಿ ಶ್ರುತಿಗೆ ಎಲೆಕ್ಟ್ರಾನಿಕ್ ತಂಬೂರಿ ಇತ್ತು. ಅದು ಸರಿಯೇ, ವೀಣೆಯ ದನಿ ಕೊನೆಯ ಸಾಲಿಗೆ ಮುಟ್ಟಬೇಕೆಂದರೆ ಹಾಗೆಯೇ ಮಾಡಬೇಕು. ವೀಣೆಯ ಮೇಲೆ ಹೊರಗಿನಿಂದ ಅಂಟಿಸಿದ್ದನ್ನು ಗಿಟಾರ್ ಮಾಡುವವನು ಒಳಗೇ ಕೂರಿಸಿದ್ದಾನೆ ಎಂಬುದಷ್ಟೇ ವ್ಯತ್ಯಾಸ.

ಎಲೆಕ್ಟ್ರಿಕ್ ಗಿಟಾರ್ ಎಂದು ನಾವು ಕರೆಯುವ ವಾದ್ಯದಲ್ಲಿ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದರ ಸುತ್ತ ತಾಮ್ರದ ಸುರುಳಿಯೂ ಇರುತ್ತವೆ. ಉಕ್ಕು ಅಲುಗಿದರೆ ಅಯಸ್ಕಾಂತದ ಬಲ ಅಲುಗುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ನೈಲಾನ್ ಅಯಸ್ಕಾಂತಕ್ಕೆ ಸೊಪ್ಪು ಹಾಕುವುದಿಲ್ಲ. ಆ ಪಿಕಪ್ಪಿನ ಮೇಲೆ ನೈಲಾನ್ ತಂತಿಯನ್ನು ದಿನವಿಡೀ ಮೀಟಿದರೂ ಸ್ಪೀಕರಿನಲ್ಲಿ ಸದ್ದಿಲ್ಲ. ಹಾಗಾಗಿ ನೈಲಾನ್ ಗಿಟಾರಿಗೆ ಬೇರೆಯೇ ದಾರಿ ಹುಡುಕಬೇಕಾಯಿತು. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂದು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡಿದ್ದರು. ಅಡುಗೆಮನೆಯ ಗ್ಯಾಸ್ ಲೈಟರ್ ಒತ್ತಿದಾಗ ಟಕ್ಕೆಂದು ಕಿಡಿ ಹಾರುವುದು ಇದೇ ಗುಣದಿಂದ. ಅದರಲ್ಲಿ ಬ್ಯಾಟರಿ ಇರುವುದಿಲ್ಲ. ವೀಣೆಯವರು ಕುದುರೆ ಎನ್ನುವ ಭಾಗಕ್ಕೆ ಗಿಟಾರಿನಲ್ಲಿ ಬ್ರಿಡ್ಜ್ ಎನ್ನುತ್ತೇವೆ. ಅದರ ಮೇಲೆ ತಂತಿಗಳನ್ನು ಹೊರುವ ಬಿಳಿಯ ಪಟ್ಟಿಯ ಅಡಿಯಲ್ಲಿ ಇಂಥ ಹರಳಿನ ತೆಳುವಾದ ಎಳೆಯೊಂದನ್ನು ಮಲಗಿಸುತ್ತಾರೆ. ತಂತಿ ಮಿಡಿದಂತೆ ಪಟ್ಟಿ ಒತ್ತುತ್ತದೆ, ಹರಳು ಆ ಒತ್ತಡವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಆ ವಿದ್ಯುತ್ತು ಎಷ್ಟು ಬಡಕಲೆಂದರೆ ಉದ್ದದ ಕೇಬಲಿನಲ್ಲಿ ಹೋಗುವಷ್ಟರಲ್ಲಿ ಸೊರಗಿಬಿಡುತ್ತದೆ. ಅದಕ್ಕೆ ತ್ರಾಣ ಕೊಟ್ಟು ದಾಟಿಸುವ ಸಣ್ಣ ಪ್ರೀ-ಆಂಪ್ ಗಿಟಾರಿನ ಒಡಲಿನಲ್ಲಿರುತ್ತದೆ. ಹುಡುಗ ಮೇಜಿನ ಮೇಲೆ ತೆಗೆದಿಟ್ಟ ಬ್ಯಾಟರಿಯ ಕೆಲಸ ಇಷ್ಟೇ. ಸ್ವರ ಹುಟ್ಟಿಸುವುದು ಅದರ ಕೆಲಸವಲ್ಲ. ಬೆರಳು ತಪ್ಪಿದರೆ ಸ್ವರ ತಪ್ಪುತ್ತದೆ, ಉಗುರು ಮುರಿದಿದ್ದರೆ ಸ್ವರವೂ ಒರಟಾಗುತ್ತದೆ. ಕೀಬೋರ್ಡಿನಲ್ಲಿ ಸ್ವರ ಒಳಗಿನ ವಿದ್ಯುತ್ ಮಂಡಲದಲ್ಲಿ ತಯಾರಾಗುತ್ತದೆ, ಇಲ್ಲಿ ತಂತಿಯ ಮೇಲೆ. ನಿಯಮ ಬರೆಯುವವರು ಇವೆರಡನ್ನು ಒಂದೇ ಗಂಟಿನಲ್ಲಿ ಕಟ್ಟಬಾರದು ಎಂಬುದೇ ನನ್ನ ಬೇಡಿಕೆ.

"ಹಾಗಾದರೆ ಮಾಮೂಲಿ ಗಿಟಾರಿನ ಮುಂದೆ ಮೈಕ್ ಇಟ್ಟು ನುಡಿಸಬಹುದಲ್ಲ?" ಎಂದು ಕೇಳುವವರಿದ್ದಾರೆ. ಮಾಡಿ ನೋಡಿದವಳು ನಾನು. ಸುಮಾರು ಹತ್ತು ವರ್ಷಗಳ ಹಿಂದೆ ಕಡಲತೀರದ ಬಯಲು ವೇದಿಕೆಯಲ್ಲಿ ಭಾವಗೀತೆಗಳ ಕಾರ್ಯಕ್ರಮಕ್ಕೆ ನನ್ನ ಕ್ಲಾಸಿಕಲ್ ಗಿಟಾರ್ ಹಿಡಿದು ಕುಳಿತಿದ್ದೆ. ಎಡಕ್ಕೆ ತಬಲಾ, ಬಲಕ್ಕೆ ಹಾರ್ಮೋನಿಯಂ, ಎದುರಿಗೆ ಸಂಜೆಯ ಕಡಲಗಾಳಿ. ಗಾಳಿ ಮೈಕಿನೊಳಗೆ ಬುಸ್ಸೆಂದು ನುಗ್ಗುತ್ತಿತ್ತು. ನನ್ನ ದನಿ ಕೇಳುವುದಿಲ್ಲವೆಂದು ಸೌಂಡ್ ಸಿಸ್ಟಂನವರು ಮೈಕ್ ಏರಿಸಿದರು. ಮೊದಲ ಹಾಡಿನ ಎರಡನೇ ಸಾಲಿಗೆ ಗುಂಯ್ ಎಂದು ಶುರುವಾಯಿತು. ಕಿವಿ ಸೀಳುವ ಸೀಟಿಯಲ್ಲ. ಹೊಟ್ಟೆಯೊಳಗಿನಿಂದ ಎದ್ದು ಬರುವ ದಪ್ಪ ಗುಂಗು. ತಂತಿಗಳ ಮೇಲೆ ಅಂಗೈ ಇಟ್ಟು ಒತ್ತಿದೆ, ನಿಲ್ಲಲಿಲ್ಲ. ಎದೆಗೆ ತಾಗಿದ್ದ ಗಿಟಾರಿನ ಬೆನ್ನು ಜೇನುಗೂಡಿನಂತೆ ಅದುರುತ್ತಿತ್ತು.

ಅದೇಕೆ ಹಾಗಾಗುತ್ತದೆ ಎಂದು ಆಮೇಲೆ ತಿಳಿದುಕೊಂಡೆ. ಕ್ಲಾಸಿಕಲ್ ಗಿಟಾರಿನ ಒಡಲೊಳಗಿನ ಗಾಳಿಗೆ ತನ್ನದೇ ಒಂದು ಸ್ವರವಿದೆ, ಸುಮಾರು 100 ಹರ್ಟ್ಸ್, ಅಂದರೆ ಸೆಕೆಂಡಿಗೆ 100 ಕಂಪನಗಳ ಆಸುಪಾಸಿನಲ್ಲಿ. ಗಿಟಾರಿನ ಐದನೇ ತಂತಿ ಮಿಡಿಯುವುದು 110 ಹರ್ಟ್ಸಿನಲ್ಲಿ. ಸ್ಪೀಕರಿನಿಂದ ಹೊರಟ ಆ ಮಂದ್ರಸ್ವರ ಬಂದು ಗಿಟಾರಿನ ಮೇಲ್ಹಲಗೆಯನ್ನು ಅಲುಗಿಸುತ್ತದೆ, ಮೈಕ್ ಅದನ್ನು ಮತ್ತೆ ಸ್ಪೀಕರಿಗೆ ಕಳಿಸುತ್ತದೆ, ಸ್ಪೀಕರ್ ಮತ್ತೆ ಹಲಗೆಗೆ. ಗಾಣದ ಎತ್ತಿನಂತೆ ಸುತ್ತು ನಿಲ್ಲುವುದೇ ಇಲ್ಲ. ಅಂದು ಸೌಂಡ್ ಸಿಸ್ಟಂನವರಿಗೆ ಉಳಿದದ್ದು ಒಂದೇ ಉಪಾಯ, ನನ್ನ ಮೈಕನ್ನು ಪೂರ್ತಿ ಇಳಿಸುವುದು. ಅವರನ್ನು ದೂರಲಾರೆ. ರಾತ್ರಿಯಿಡೀ ಬಯಲಾಟಕ್ಕೆ ಚಂಡೆ, ಮದ್ದಳೆ, ಭಾಗವತರ ಕಂಠ ಮೂರನ್ನೂ ತೂಗಿಸಿ ಊರಿಗೆಲ್ಲ ಕೇಳಿಸುವ ಕಿವಿ ಅವರದು. ಆ ವಾದ್ಯವೇ ಆ ಬಯಲಿಗೆ ಹೊಂದುವಂಥದ್ದಾಗಿರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದು, "ತಂಗಿ, ಕೈ ಆಡುವುದು ಕಂಡಿತು, ಕೇಳಲಿಲ್ಲ" ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಕ್ಲಾಸಿಕಲ್ ಗಿಟಾರ್ ಹುಟ್ಟಿದ್ದೇ ಕೋಣೆಗಾಗಿ. ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೋ ದೆ ತೋರೆಸ್ 19ನೇ ಶತಮಾನದಲ್ಲಿ ಅದರ ಈಗಿನ ಆಕಾರವನ್ನು ನಿಲ್ಲಿಸಿದಾಗ ಎದುರಿಗೆ ಕೂರುತ್ತಿದ್ದವರು ಕೆಲವೇ ಜನ. ಸಾವಿರ ಜನರ ಮುಂದೆ, ಡ್ರಮ್ಸ್ ಪಕ್ಕದಲ್ಲಿ ಅದು ನಿಲ್ಲಬೇಕಾದಾಗ ಮಾಡುವವರು ತಲೆ ಓಡಿಸಿದರು. ಹೆಲಿಕಾಪ್ಟರ್ ತಯಾರಿಸುತ್ತಿದ್ದ ಅಮೆರಿಕದ ಚಾರ್ಲ್ಸ್ ಕಾಮನ್ 1966ರಲ್ಲಿ ಓವೇಷನ್ ಗಿಟಾರುಗಳನ್ನು ಶುರುಮಾಡಿದರು. ಬ್ರಿಡ್ಜಿನ ಅಡಿಯ ಪಿಕಪ್ ವೇದಿಕೆಗಳಲ್ಲಿ ಹಬ್ಬಲು ಆ ಗಿಟಾರುಗಳು ದೊಡ್ಡ ಕಾರಣವಾದವು. 1980ರ ದಶಕದ ಆರಂಭದಲ್ಲಿ ಅಮೆರಿಕದ ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಅವರ ಆಲೋಚನೆಯಂತೆ ಗಿಬ್ಸನ್ ಕಂಪನಿ ದೊಡ್ಡ ಪೊಳ್ಳಿಲ್ಲದ ಒಡಲಿನ ನೈಲಾನ್ ಗಿಟಾರ್ ಹೊರತಂದಿತು. ಆಮೇಲೆ ಕೆನಡಾದ ಗೋಡಿನ್ ಕಂಪನಿಯ ಮಲ್ಟಿಯಾಕ್ ಬಂತು, ಒಳಗೆ ಗೂಡುಗಳಂತೆ ಕೊರೆದ ತೆಳು ಒಡಲಿನದು. ಜಪಾನಿನ ಯಮಾಹಾ ಒಡಲನ್ನೇ ತೆಗೆದು ಬರಿಯ ಚೌಕಟ್ಟು ಉಳಿಸಿದ ಸೈಲೆಂಟ್ ಗಿಟಾರ್ ಮಾಡಿತು. ಅದನ್ನು ಹೆಡ್‌ಫೋನ್ ಹಾಕಿಕೊಂಡು ನಡುರಾತ್ರಿಯಲ್ಲೂ ನುಡಿಸಬಹುದು. ಒಂದೇ ಗೋಡೆಯ ಆಚೆ ಪಕ್ಕದ ಮನೆಯ ಮಗು ಪರೀಕ್ಷೆಗೆ ಓದುತ್ತಿರುವ ಸರ್ಕಾರಿ ವಸತಿಗೃಹಗಳವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಮೆಕ್ಸಿಕೋದ ರೊಡ್ರಿಗೋ ಮತ್ತು ಗೇಬ್ರಿಯೇಲಾ ಜೋಡಿ ಎರಡೇ ನೈಲಾನ್ ಗಿಟಾರುಗಳನ್ನು ಹಿಡಿದು ಕ್ರೀಡಾಂಗಣದಂಥ ವೇದಿಕೆಗಳನ್ನು ತುಂಬಿಸಿದ್ದಾರೆ. ಆಗ ಅವರ ಕೈಯಲ್ಲಿದ್ದದ್ದು ನನ್ನ ವಿದ್ಯಾರ್ಥಿ ಮಡಗಾಂವಿನಿಂದ ತಂದ ಜಾತಿಯ ಗಿಟಾರೇ.

ಹೊಸದೆಂದು ದೂರವಿಡುವ ಮುನ್ನ ಒಂದು ಮಾತು. ನಾವು ಹಳೆಯದು, ಅಪ್ಪಟವಾದದ್ದು ಎಂದುಕೊಂಡಿರುವ ನೈಲಾನ್ ತಂತಿಗೇ ಎಂಟು ದಶಕ ವಯಸ್ಸಷ್ಟೆ. ಅದಕ್ಕೂ ಮೊದಲು ಗಿಟಾರಿನ ಮೇಲಿನ ಮೂರು ತಂತಿಗಳನ್ನು ಪ್ರಾಣಿಗಳ ಕರುಳಿನಿಂದ ಹೊಸೆಯುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಗಾಯ ಹೊಲಿಯುವ ದಾರಕ್ಕೆ ಕರುಳು ಬೇಕಾಗಿ ಗಿಟಾರಿನವರಿಗೆ ಸಿಗದಾಯಿತು. ಆಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟಿನ್ ನೈಲಾನಿನಲ್ಲಿ ತಂತಿ ಮಾಡಿದರು, ಆಂಡ್ರೆಸ್ ಸೆಗೋವಿಯಾ ಅವರಂಥ ಮಹಾನ್ ವಾದಕರು ಅದನ್ನು ಒಪ್ಪಿಕೊಂಡರು. ನಮ್ಮ ಕರಾವಳಿಯಲ್ಲೇ ನೋಡಿ. ಮಣ್ಣಿನ ಮಡಕೆಯ ವಾದ್ಯ ಗುಮಟೆಗೆ ಮೊದಲು ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದು ನಿಷಿದ್ಧ. ಈಗ ಆಡಿನ ಚರ್ಮ. ಹಾಲಕ್ಕಿಗಳ ಕೇರಿಯಲ್ಲಿ ಆಡಿನ ಚರ್ಮದ ಗುಮಟೆ ಕೇಳಿ, ಇದು ಗುಮಟೆಯಲ್ಲ ಎಂದು ಎದ್ದು ಹೋದವರನ್ನು ನಾನಂತೂ ಕಂಡಿಲ್ಲ.

ಹಾರ್ಮೋನಿಯಂ ಬಗ್ಗೆ ಅಪ್ಪ ಹೇಳುತ್ತಿದ್ದದ್ದು ಈಗ ಬಹಳ ನೆನಪಾಗುತ್ತಿದೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಮೇಲೆ ನಿಷೇಧ ಹೇರಿತು. ಅದು ಪರದೇಶಿ ವಾದ್ಯ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬರುವುದಿಲ್ಲ, ನಮ್ಮ ಶ್ರುತಿಗಳು ಅದಕ್ಕೆ ದಕ್ಕುವುದಿಲ್ಲ ಎಂಬ ಕಾರಣಗಳಿದ್ದವು. ಕಾರಣಗಳಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ 1971ರವರೆಗೆ, ಮೂವತ್ತೊಂದು ವರ್ಷ, ಆ ಬಾಗಿಲು ಮುಚ್ಚಿತ್ತು. ಅಪ್ಪ ಶಾಲಾ ಮಾಸ್ತರರು, ಚೌತಿಯ ಭಜನೆಗೆ ಹಾರ್ಮೋನಿಯಂ ಹಿಡಿದರೆ ಕೇರಿಯೇ ಬಂದು ಕೂರುತ್ತಿತ್ತು. ರೇಡಿಯೋದಲ್ಲಿ ಸಂಗೀತ ಬರುವಾಗ ಅವರು, "ನನ್ನ ಪೆಟ್ಟಿಗೆಗೆ ಅಲ್ಲಿ ಜಾಗವಿರಲಿಲ್ಲ" ಎನ್ನುತ್ತಿದ್ದರು. ಆ ಮಾತು ಹೇಳುವಾಗ ಅವರ ಕೈ ತಾನಾಗಿ ಹಾರ್ಮೋನಿಯಂ ಮುಚ್ಚಳದ ಮೇಲೆ ಹೋಗುತ್ತಿತ್ತು. ಇಂದು ಶಿರಸಿ, ಹೊನ್ನಾವರ, ಕುಮಟೆಗಳಲ್ಲಿ ಹಾರ್ಮೋನಿಯಂ ಸಾಥ್ ಇಲ್ಲದ ಖಯಾಲ್ ಬೈಠಕ್ಕು ಸಿಗುವುದೇ ಅಪರೂಪ. ಕರ್ನಾಟಕ ಸಂಗೀತದಲ್ಲಿ ಯು. ಶ್ರೀನಿವಾಸ್ ಅವರು ನುಡಿಸುತ್ತಿದ್ದದ್ದು ಎಲೆಕ್ಟ್ರಿಕ್ ಮ್ಯಾಂಡೊಲಿನ್. 1998ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಹುಡುಗ ಕೇಳಿದ್ದು ಐದು ನಿಮಿಷ.

ಇನ್ನು ಧ್ವನಿಮುದ್ರಣದ ಮಾತು. ಇದನ್ನು ಕರಾವಳಿಯವರಿಗೇ ಹೇಳಬೇಕು, ಬೇರೆ ಕಡೆಯವರಿಗೆ ಅರ್ಥವಾಗದು. ನೈಲಾನ್ ಗಿಟಾರನ್ನು ಮುದ್ರಿಸಿಕೊಳ್ಳುವ ಒಳ್ಳೆಯ ವಿಧಾನವೆಂದರೆ ಕುತ್ತಿಗೆ ಒಡಲನ್ನು ಸೇರುವ ಜಾಗಕ್ಕೆ ಒಂದಡಿ ದೂರದಲ್ಲಿ ಮೈಕ್ ಇಡುವುದು. ನಿಶ್ಶಬ್ದ ಕೋಣೆಯಿದ್ದರೆ ಅದಕ್ಕೆ ಸಾಟಿಯಿಲ್ಲ. ಆದರೆ ಜೂನ್ ತಿಂಗಳಿನಲ್ಲಿ ಕಾರವಾರದ ಹೆಂಚಿನ ಮನೆಯಲ್ಲಿ ನಿಶ್ಶಬ್ದ ಎಲ್ಲಿಂದ ತರುವುದು? ಮಳೆ ಹಿಡಿದರೆ ಎದುರಿಗೆ ಕುಳಿತವರ ಮಾತು ಕೇಳುವುದಿಲ್ಲ. ಹೆಂಚಿನ ಮೇಲೆ ಒಂದು ಸದ್ದು, ಸೂರಿನ ನೀರು ಅಂಗಳದ ಕಲ್ಲಿಗೆ ಬೀಳುವುದು ಇನ್ನೊಂದು ಸದ್ದು, ಹಿತ್ತಿಲಿನ ಕಪ್ಪೆಗಳದ್ದು ಮತ್ತೊಂದು. ಮಳೆ ಬಿಟ್ಟ ಗಳಿಗೆಯಲ್ಲಿ ಮುದ್ರಿಸೋಣವೆಂದರೆ ಆಗ ಕರೆಂಟ್ ಇರುವುದಿಲ್ಲ. ಕಳೆದ ವರ್ಷ ಜುಲೈಯಲ್ಲಿ ಹುಡುಗನಿಗೆ ಒಂದು ನೃತ್ಯ ತಂಡಕ್ಕಾಗಿ ಗಿಟಾರಿನ ಹಿನ್ನೆಲೆ ಕಳಿಸಬೇಕಿತ್ತು, ಎರಡೇ ದಿನದ ಗಡುವು. ಗಿಟಾರಿನಿಂದ ಕೇಬಲ್ ನೇರವಾಗಿ ಸೌಂಡ್ ಕಾರ್ಡಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಹೊರಗೆ ಮಳೆ ಬಡಿಯುತ್ತಿತ್ತು, ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವನ ಬೆರಳು ಕಾಣುತ್ತಿತ್ತು, ಮಳೆಯ ಸದ್ದಷ್ಟೇ ಕೇಳುತ್ತಿತ್ತು. ಮುಗಿಸಿ ಹೆಡ್‌ಫೋನನ್ನು ನನ್ನ ಕಿವಿಗಿಟ್ಟ. ಹನಿಯ ಸುಳಿವೂ ಇರಲಿಲ್ಲ. ನೈಲಾನ್ ತಂತಿಯ ಒಂದೊಂದು ಸ್ವರವೂ ತೊಳೆದಿಟ್ಟಂತಿತ್ತು.

ಅದೇ ಮಳೆಗಾಲ ನನ್ನ ಹಳೆಯ ಗಿಟಾರಿಗೆ ಏನು ಮಾಡುತ್ತದೆಂದು ಹೇಳದಿದ್ದರೆ ತಪ್ಪಾದೀತು. ಆಗಸ್ಟ್ ಹೊತ್ತಿಗೆ ಮೇಲ್ಹಲಗೆ ನೀರು ಹೀರಿ ಉಬ್ಬುತ್ತದೆ, ತಂತಿಗಳು ಹಲಗೆಯಿಂದ ಮೇಲೇಳುತ್ತವೆ, ಒತ್ತಲು ಎಳೆಯ ಮಕ್ಕಳ ಬೆರಳಿಗೆ ಆಗುವುದಿಲ್ಲ. ಒಂದು ವರ್ಷ ಬ್ರಿಡ್ಜಿನ ಅಂಟು ಬಿಟ್ಟು, ಹಿಂಬದಿಯ ಅಂಚಿನಲ್ಲಿ ಪೋಸ್ಟ್ ಕಾರ್ಡ್ ತೂರುವಷ್ಟು ಸಂದಿ ಕಂಡಿತು. ಗಟ್ಟಿ ಒಡಲಿನ, ಗೂಡು ಕೊರೆದ ಗಿಟಾರುಗಳಿಗೆ ಈ ಕಾಟ ಕಡಿಮೆ.

ವಿದೇಶಿ ವಾದ್ಯಕ್ಕೆ ಇಷ್ಟೇಕೆ ವಕಾಲತ್ತು ಎನ್ನುವವರು ಗಿಟಾರಿನ ಬೆರಳು ಹಲಗೆಯನ್ನೊಮ್ಮೆ ಮುಟ್ಟಿ ನೋಡಬೇಕು. ಜಗತ್ತಿನ ಎಷ್ಟೋ ಗಿಟಾರುಗಳ ಹಲಗೆ, ಬೆನ್ನು, ಪಕ್ಕೆಗಳಿಗೆ ಬಳಸುವುದು ನಮ್ಮ ಪಶ್ಚಿಮ ಘಟ್ಟದ ಬೀಟೆ. ಬ್ರೆಜಿಲಿನ ಬೀಟೆಯ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ತಡೆ ಬಿದ್ದ ಮೇಲಂತೂ ನಮ್ಮ ಬೀಟೆಗೆ ಬೇಡಿಕೆ ಇನ್ನೂ ಹೆಚ್ಚಿತು. ಯಲ್ಲಾಪುರ, ದಾಂಡೇಲಿಗಳ ಕಾಡಿನಲ್ಲಿ ಬೆಳೆಯುವ ಮರ ಅದು.

ಹೈಬ್ರಿಡ್ ಗಿಟಾರಿನಲ್ಲಿ ಕೊರತೆಯೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಹರಳಿನ ಪಿಕಪ್ ಜೋರಾಗಿ ಮೀಟಿದಾಗ ಸ್ವರದ ತುದಿಯನ್ನು ಚೂಪಾಗಿಸುತ್ತದೆ, ಪ್ಲಾಸ್ಟಿಕ್ ತಟ್ಟಿದಂಥ ಒಂದು ಸದ್ದು ಸೇರಿಕೊಳ್ಳುತ್ತದೆ. ಮಿಕ್ಸರಿನಲ್ಲಿ ಮೇಲಿನ ಸ್ಥಾಯಿಯನ್ನು ಸ್ವಲ್ಪ ತಗ್ಗಿಸಿದರೆ ಅದು ಬಹುಮಟ್ಟಿಗೆ ಅಡಗುತ್ತದೆ, ಪೂರ್ತಿ ಹೋಗುವುದಿಲ್ಲ. ಕೆಲವು ಗಿಟಾರುಗಳಲ್ಲಿ ಒಳಗೆ ಪುಟ್ಟ ಮೈಕನ್ನೂ ಇಟ್ಟು ಎರಡನ್ನೂ ಬೆರೆಸುತ್ತಾರೆ, ಅದು ಇನ್ನಷ್ಟು ಸಹಜ. ಐವತ್ತು ಜನರ ಕೋಣೆಯಲ್ಲಿ, ಫ್ಯಾನ್ ನಿಲ್ಲಿಸಿ ಕೇಳುವವರ ಮುಂದೆ ನಾನು ಇಂದಿಗೂ ನನ್ನ ಹಳೆಯ ಗಿಟಾರನ್ನೇ ಎತ್ತಿಕೊಳ್ಳುತ್ತೇನೆ. ನನ್ನ ಕಿವಿಗೆ ಅದೇ ತಾಯಿ. ಹಾಗೆಂದು ಬಯಲು ವೇದಿಕೆಯಲ್ಲಿ ನುಡಿಸುವ ಮಕ್ಕಳಿಗೆ ಅದನ್ನೇ ಹಿಡಿಯಿರಿ ಎಂದರೆ, ಕೇಳದಂತೆ ನುಡಿಸಿರಿ ಎಂದು ಹೇಳಿದಂತಾಗುತ್ತದೆ.

ಇನ್ನೊಂದನ್ನೂ ಒಪ್ಪುತ್ತೇನೆ. ಕೆಲವು ಹೈಬ್ರಿಡ್ ಗಿಟಾರುಗಳಲ್ಲಿ ಸಾಮಾನ್ಯ ಕೇಬಲಿನ ತೂತಿನ ಜೊತೆಗೆ 13 ಪಿನ್ನಿನ ಇನ್ನೊಂದು ಕಿಂಡಿ ಇರುತ್ತದೆ. ಅದನ್ನು ಸಿಂಥಸೈಜರಿಗೆ ಜೋಡಿಸಿದರೆ ಗಿಟಾರಿನ ತಂತಿ ಮೀಟಿ ಕೊಳಲಿನ, ಪಿಟೀಲಿನ ದನಿ ಹೊರಡಿಸಬಹುದು. ಸ್ಪರ್ಧೆಯಲ್ಲಿ ಅದು ಬೇಡವೆಂದರೆ ನಾನೇ ಮೊದಲು ಕೈ ಎತ್ತುತ್ತೇನೆ. ನಿಯಮವನ್ನು ಹಾಗೆಯೇ ಬರೆಯಿರಿ: ವಾದ್ಯದ ಸ್ವಂತ ತಂತಿಯ ದನಿಯನ್ನು ಮಾತ್ರ ಹೊರಡಿಸಬೇಕು, ಬೇರೆ ವಾದ್ಯದ ದನಿಯನ್ನೂ ಮೊದಲೇ ಮುದ್ರಿಸಿಟ್ಟ ತಾಳವನ್ನೂ ಬಳಸಕೂಡದು. ಪಿಕಪ್, ಪ್ರೀ-ಆಂಪ್ ಇರಬಹುದು. ಇಷ್ಟು ಬರೆದರೆ ಬಾಗಿಲಲ್ಲಿ ಕುಳಿತವರು ಬ್ಯಾಟರಿ ಹುಡುಕಬೇಕಾಗಿಲ್ಲ, ಕೀಬೋರ್ಡಿನವರು ಬರುತ್ತಾರೆಂದು ಅಂಜಬೇಕಾಗಿಲ್ಲ.

ಜಿಲ್ಲೆಯಲ್ಲಿ ವೇದಿಕೆ ಕಟ್ಟುವವರಲ್ಲೂ ಒಂದು ವಿನಂತಿಯಿದೆ. ಡಿಐ ಬಾಕ್ಸ್ ಎಂಬ ಅಂಗೈಯಗಲದ ಪೆಟ್ಟಿಗೆಯೊಂದನ್ನು ನಿಮ್ಮ ಸಾಮಾನಿನಲ್ಲಿ ಇಟ್ಟುಕೊಳ್ಳಿ. ಗಿಟಾರಿನ ಕೇಬಲನ್ನು ಅದಕ್ಕೆ ಚುಚ್ಚಿ, ಅಲ್ಲಿಂದ ಮೈಕಿನ ಕೇಬಲಿನಲ್ಲಿ ಮಿಕ್ಸರಿಗೆ ಒಯ್ದರೆ ವೇದಿಕೆ ದೂರವಿದ್ದರೂ ಗರಗರ ಸದ್ದು ಅಷ್ಟಾಗಿ ಸೇರುವುದಿಲ್ಲ. ಗಿಟಾರಿನವರಿಗೆ ನುಡಿಸುವ ಮೊದಲು ಐದು ನಿಮಿಷ ಕೊಡಿ. ತಬಲಾ ಶ್ರುತಿ ಮಾಡುವಾಗ ಸುತ್ತಿಗೆಯ ಏಟುಗಳನ್ನು ನಾವೆಲ್ಲ ತಾಳ್ಮೆಯಿಂದ ಕೇಳುತ್ತೇವಲ್ಲ, ಅಷ್ಟೇ ತಾಳ್ಮೆ ಸಾಕು.

ಶಿರಸಿಯಿಂದ ಇಳಿದು ಬರುವಾಗ ಹುಡುಗ ಘಟ್ಟದುದ್ದಕ್ಕೂ ಮಾತನಾಡಲಿಲ್ಲ. ಬೆರಳುಗಳೂ ಚೀಲದ ಮೇಲೆ ಆಡಲಿಲ್ಲ. ಕುಮಟೆಯ ನಿಲ್ದಾಣದಲ್ಲಿ ಬಸ್ ನಿಂತಾಗ, "ಟೀಚರ್, ಬ್ಯಾಟರಿ ಅಲ್ಲೇ ಮೇಜಿನ ಮೇಲೆ ಉಳಿಯಿತು" ಎಂದ. ಹೊಸದನ್ನು ಮರುದಿನವೇ ತಂದು ಹಾಕಿದ್ದೇವೆ.

ಆ ಸ್ಪರ್ಧೆಯ ನಿಯಮ ಬರೆದವರು, ತೀರ್ಪು ಕೊಡುವವರು, ಸೌಂಡ್ ಸಿಸ್ಟಂನವರು ಯಾರೇ ಆಗಲಿ, ಕೋಡಿಬಾಗದ ನಮ್ಮ ಮನೆಗೆ ಬನ್ನಿ. ಭಾನುವಾರ ಬಿಟ್ಟು ದಿನವೂ ಸಂಜೆ ಐದರಿಂದ ಏಳರವರೆಗೆ ಪಾಠ ನಡೆಯುತ್ತದೆ. ಎರಡೂ ಗಿಟಾರುಗಳು ಇರುತ್ತವೆ, ಚಿಕ್ಕದೊಂದು ಸ್ಪೀಕರ್ ಇದೆ. ಹುಡುಗ ಪರದೆಯ ಆಚೆ ಕುಳಿತು ಒಂದೇ ರಚನೆಯನ್ನು ಎರಡರಲ್ಲೂ ನುಡಿಸುತ್ತಾನೆ. ನೀವು ಈಚೆ ಕುಳಿತು ಕೇಳಿ, ಆಮೇಲೆ ಅವನ ಬೆರಳುಗಳನ್ನು ಹತ್ತಿರದಿಂದ ನೋಡಿ. ಮುಂದಿನ ವರ್ಷದ ನಿಯಮದ ಹಾಳೆ ಅಚ್ಚಾಗುವ ಮೊದಲು ಬಂದರೆ ಬಹಳ ಉಪಕಾರವಾಗುತ್ತದೆ.

ವಂದನೆಗಳೊಂದಿಗೆ,
ಗಿಟಾರ್ ಶಿಕ್ಷಕಿ,
ಕೋಡಿಬಾಗ, ಕಾರವಾರ